ರಕ್ತ ಕೊಡುತ್ತೇವೆ ಎಂದವರಿಗೆ ಅಕ್ಕಿ

ನಮಸ್ಕಾರ. ಇವತ್ತು ಒಂದು ಫೋಟೋದಿಂದ ಶುರು ಮಾಡುತ್ತೇನೆ.

1973ರ ಸೆಪ್ಟೆಂಬರ್ 15. ವಿಯೆಟ್ನಾಂನ ಕ್ವಾಂಗ್ ತ್ರಿ ಪ್ರಾಂತ್ಯ. ಒಂದು ಗುಡ್ಡ. ಕೆಲವು ವರ್ಷದ ಹಿಂದಷ್ಟೇ ಅಲ್ಲಿ ಅಮೆರಿಕದ ಫಿರಂಗಿಗಳು ನಿಂತಿದ್ದವು. ಈಗ ಆ ಗುಡ್ಡದ ಮೇಲೆ ಗಡ್ಡ ಬಿಟ್ಟ, ಎತ್ತರದ ಆಳೊಬ್ಬರು ಬಾವುಟ ಎತ್ತಿ ಹಿಡಿದಿದ್ದಾರೆ. ಸುತ್ತ ಸಣಕಲು ಮೈಯ ಸೈನಿಕರು ನಗುತ್ತಿದ್ದಾರೆ. ಬಾವುಟ ಹಿಡಿದವರು ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ. ಆಗ ಅವರಿಗೆ 47 ವರ್ಷ.

ಯುದ್ಧ ಇನ್ನೂ ಮುಗಿದಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದ ಆಗಿತ್ತು, ಅಮೆರಿಕದ ಸೈನಿಕರು ಹೊರಟಿದ್ದರು. ಗುಂಡಿನ ಸದ್ದು ಮಾತ್ರ ನಿಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಉತ್ತರ, ದಕ್ಷಿಣ ವಿಯೆಟ್ನಾಂಗಳ ನಡುವಿನ 17ನೇ ಅಕ್ಷಾಂಶದ ಗಡಿಯನ್ನು, ಅಲ್ಲಿ ಹರಿಯುವ ಬೆನ್ ಹಾಯ್ ನದಿಯನ್ನು ದಾಟಿ ದಕ್ಷಿಣಕ್ಕೆ ಬಂದ ಮೊದಲ ವಿದೇಶಿ ನಾಯಕ ಇವರೇ.

ಆ ಪ್ರವಾಸದ ದಾರಿಯಲ್ಲಿ ಒಂದು ಘಟನೆ ನಡೆಯಿತು. ಮಣ್ಣಿನಲ್ಲಿ ಉಳಿದಿದ್ದ ಬಾಂಬ್ ಸಿಡಿದು ಹದಿಹರೆಯದ ಹುಡುಗಿಯೊಬ್ಬಳಿಗೆ ಜೋರು ಪೆಟ್ಟಾಗಿತ್ತು. ಕ್ಯಾಸ್ಟ್ರೋ ಕಾರು ನಿಲ್ಲಿಸಿದರು. ತಮ್ಮ ಜೊತೆ ಬಂದಿದ್ದ ವೈದ್ಯರನ್ನೇ ಕರೆದು ಆರೈಕೆ ಮಾಡಿಸಿದರು, ಆಸ್ಪತ್ರೆಗೆ ಕಳಿಸಿದರು. ಹುಡುಗಿ ಬದುಕಿದಳು.

ಇಷ್ಟೇ ಆಗಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ನಾಯಕರು ಫೋಟೋಗೆ ನಿಲ್ಲುತ್ತಾರೆ, ಗಾಯಾಳುವಿನ ತಲೆ ಸವರುತ್ತಾರೆ, ಹೋಗುತ್ತಾರೆ. ಎಷ್ಟು ನೋಡಿಲ್ಲ ನಾವು, ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಆ ಭೇಟಿಯಲ್ಲೇ ಕ್ಯಾಸ್ಟ್ರೋ ವಿಯೆಟ್ನಾಂಗೆ ಐದು ಕಾಮಗಾರಿಗಳನ್ನು ಉಡುಗೊರೆಯಾಗಿ ಕೊಡುವ ಮಾತು ಕೊಟ್ಟರು. ಮಾತು ನಡೆಯಿತು ಕೂಡ. ಹನೋಯ್‌ನ ಪಶ್ಚಿಮ ಕೆರೆಯ ದಡದಲ್ಲಿ ಒಂದು ಹೋಟೆಲ್ ಬಂತು. ಒಂದು ರಸ್ತೆ, ಒಂದು ಕೋಳಿ ಫಾರಂ ಬಂದವು. ಮೊಕ್ ಚೌ ಎಂಬ ಬೆಟ್ಟದೂರಿನ ಹಾಲಿನ ಫಾರಂಗೆ ಕ್ಯೂಬಾದಿಂದ ನೂರಾರು ಹೋಲ್‌ಸ್ಟೀನ್ ಹಸುಗಳು ಸಮುದ್ರ ದಾಟಿ ಬಂದವು. ಇವತ್ತು ಮೊಕ್ ಚೌ ಹಾಲು ಅಂದರೆ ವಿಯೆಟ್ನಾಂನಲ್ಲಿ ಮನೆಮಾತು. ಐದನೆಯದು, ಬಾಂಬ್ ಬಿದ್ದು ನೆಲಸಮವಾಗಿದ್ದ ದೋಂಗ್ ಹೋಯ್ ಪಟ್ಟಣದ ಆಸ್ಪತ್ರೆ. 1981ರಲ್ಲಿ ಬಾಗಿಲು ತೆರೆಯಿತು. ಇವತ್ತಿಗೂ ಅದರ ಹೆಸರಿನಲ್ಲಿ ಕ್ಯೂಬಾ ಇದೆ. ದಾರಿಯಲ್ಲಿ ಸಿಕ್ಕ ಆ ಹುಡುಗಿ, ಈ ಆಸ್ಪತ್ರೆ, ಎರಡೂ ನನಗೆ ಒಟ್ಟಿಗೇ ನೆನಪಾಗುತ್ತವೆ.

ಇದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು. ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಶುರುವಾಗಿದ್ದು 1960ರ ಡಿಸೆಂಬರ್ 2ಕ್ಕೆ. ಕ್ಯೂಬಾದಲ್ಲಿ ಕ್ರಾಂತಿಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. 1966ರಲ್ಲಿ ಕ್ಯಾಸ್ಟ್ರೋ ಹವಾನಾದಲ್ಲಿ ನಿಂತು, ವಿಯೆಟ್ನಾಂಗಾಗಿ ನಮ್ಮ ರಕ್ತವನ್ನೂ ಕೊಡಲು ಸಿದ್ಧ ಎಂದರು. 1967ನ್ನು ಕ್ಯೂಬಾ 'ವೀರ ವಿಯೆಟ್ನಾಂ ವರ್ಷ' ಎಂದು ಕರೆಯಿತು. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ನ್ಗುಯೆನ್ ವಾನ್ ತ್ರೋಯ್ ಅಂತ ಸೈಗಾನ್‌ನ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ. ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಅವರನ್ನು ಕೊಲ್ಲಲು ಹೊಂಚು ಹಾಕಿ ಸಿಕ್ಕಿಬಿದ್ದ. 1964ರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಈಗ ಕ್ಯೂಬಾದ ಗ್ವಾಂಟಾನಮೋ ಊರಿನ ಬೇಸ್‌ಬಾಲ್ ಸ್ಟೇಡಿಯಂಗೆ ಅವನದೇ ಹೆಸರು. ಭೂಮಿಯ ಆ ತುದಿಯಲ್ಲಿ ಆಟ ನೋಡಲು ಹೋಗುವ ಮಕ್ಕಳು ಸೈಗಾನ್ ಹುಡುಗನ ಹೆಸರು ಹೇಳಿಕೊಂಡು ಹೋಗುತ್ತಾರೆ.

ವಿಚಿತ್ರ ಏನು ಅಂದರೆ, ವಿಯೆಟ್ನಾಂನ ನಾಯಕ ಹೋ ಚಿ ಮಿನ್ ಮತ್ತು ಕ್ಯಾಸ್ಟ್ರೋ ಮುಖಾಮುಖಿ ಆಗಲೇ ಇಲ್ಲ. ಹೋ 1969ರಲ್ಲಿ ತೀರಿಕೊಂಡರು, ಕ್ಯಾಸ್ಟ್ರೋ ಹನೋಯ್‌ಗೆ ಬರುವ ನಾಲ್ಕು ವರ್ಷ ಮೊದಲೇ.

ಈಗ ಅಕ್ಕಿಯ ವಿಷಯಕ್ಕೆ ಬರುತ್ತೇನೆ. ನಾನು ಈ ವಿಡಿಯೋ ಮಾಡುತ್ತಿರುವುದೇ ಅದಕ್ಕಾಗಿ.

ಕ್ಯೂಬಾದವರೂ ನಮ್ಮ ಹಾಗೆ ಅನ್ನ ಉಣ್ಣುವ ಜನ. ಅನ್ನ, ಕಪ್ಪು ಬೀನ್ಸ್ ಇಲ್ಲದೆ ಅಲ್ಲಿ ಊಟ ಊಟವಲ್ಲ. ಆದರೆ ತಿನ್ನುವಷ್ಟು ಅವರು ಬೆಳೆಯುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿತ್ತು. ಅಲ್ಲಿಂದ ಕ್ಯೂಬಾಕ್ಕೆ ಬರುತ್ತಿದ್ದ ಎಣ್ಣೆ, ಗೊಬ್ಬರ, ಯಂತ್ರ ಎಲ್ಲ ಒಟ್ಟಿಗೇ ನಿಂತವು. 1962ರಿಂದ ಇದ್ದ ಅಮೆರಿಕದ ದಿಗ್ಬಂಧನ ಮಾತ್ರ ಹಾಗೇ ಉಳಿಯಿತು. ಆಗ ಕೈ ಹಿಡಿದವರಲ್ಲಿ ವಿಯೆಟ್ನಾಂ ಒಬ್ಬರು. ವರ್ಷ ವರ್ಷ ಲಕ್ಷಗಟ್ಟಲೆ ಟನ್ ಅಕ್ಕಿ ಕಳಿಸಿದರು, ಬಹಳ ಸಲ ಸಾಲದ ಮೇಲೆ, ದುಡ್ಡು ಆಮೇಲೆ ಕೊಡಿ ಅಂತ. ಕ್ಯೂಬಾದ ರೇಷನ್ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 7 ಪೌಂಡ್, ಅಂದರೆ ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ ಅಕ್ಕಿ. ಆ ಚೀಲಗಳಲ್ಲಿ ಎಷ್ಟೋ ಚೀಲ ವಿಯೆಟ್ನಾಂನಿಂದ ಬಂದವು.

ಕ್ಯೂಬಾ ಬರೀ ಕೈ ಚಾಚಿ ಕೂತಿರಲಿಲ್ಲ. 2021ರಲ್ಲಿ ಕೋವಿಡ್ ವಿಯೆಟ್ನಾಂನಲ್ಲಿ ಕೈಮೀರಿದಾಗ, ಲಸಿಕೆ ಸಿಗದೆ ಪರದಾಡುವಾಗ, ಕ್ಯೂಬಾ ತಾನೇ ಕಂಡುಹಿಡಿದ ಅಬ್ದಾಲಾ ಲಸಿಕೆ ಕೊಟ್ಟಿತು. ವಿಯೆಟ್ನಾಂ ಒಂದು ಕೋಟಿ ಡೋಸ್ ಕೊಳ್ಳಲು ತೀರ್ಮಾನಿಸಿತು.

ಆಮೇಲೆ 2025. ಕ್ಯೂಬಾದಲ್ಲಿ ಕರೆಂಟ್ ಇಲ್ಲ, ಔಷಧಿ ಇಲ್ಲ, ಲಕ್ಷಾಂತರ ಯುವಕರು ದೇಶ ಬಿಟ್ಟಿದ್ದಾರೆ. ಆಗಸ್ಟ್ 13ಕ್ಕೆ, ಕ್ಯಾಸ್ಟ್ರೋ ಹುಟ್ಟಿದ ದಿನ, ವಿಯೆಟ್ನಾಂ ರೆಡ್ ಕ್ರಾಸ್ ಕ್ಯೂಬಾದ ಜನರಿಗಾಗಿ ಒಂದು ಚಂದಾ ಶುರು ಮಾಡಿತು. ಗೆಳೆತನಕ್ಕೆ 65 ವರ್ಷ ಆಯಿತಲ್ಲ, ಅದಕ್ಕೆ 65 ದಿನದಲ್ಲಿ 6,500 ಕೋಟಿ ಡಾಂಗ್ ಕೂಡಿಸುವ ಗುರಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿ ಚಿಲ್ಲರೆ. ಎರಡೇ ದಿನದಲ್ಲಿ ಆ ಗುರಿ ದಾಟಿತು. ಕೊನೆಗೆ ಸೇರಿದ್ದು 50,000 ಕೋಟಿ ಡಾಂಗ್‌ಗೂ ಜಾಸ್ತಿ. ಯಾರೂ ಬಲವಂತಕ್ಕೆ ಇಷ್ಟು ಕೊಡುವುದಿಲ್ಲ. ಹಸಿದಾಗ ಯಾರು ಬಂದರು ಅನ್ನುವುದನ್ನು ಅಜ್ಜ ಅಜ್ಜಿ ಮೊಮ್ಮಕ್ಕಳಿಗೆ ಹೇಳಿದ್ದಾರೆ. ನಾವು ಅನ್ನದ ಋಣ ಅನ್ನುತ್ತೇವಲ್ಲ, ಅದೇ ಇದು.

ಆದರೂ ನನ್ನ ಮನಸ್ಸಿನಲ್ಲಿ ಒಂದು ಬೇಸರ ಇದೆ. ಅದನ್ನು ಮುಚ್ಚಿಡುವುದಿಲ್ಲ.

ವಿಯೆಟ್ನಾಂಗೆ ಕೊಡಲು ಅಕ್ಕಿ ಬಂದಿದ್ದು ಎಲ್ಲಿಂದ? 1988ರ ಆರಂಭದಲ್ಲಿ ಅವರೇ ಹಸಿದಿದ್ದರು. ಅದೇ ಏಪ್ರಿಲ್‌ನಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಾರ್ಟಿ 'ಹತ್ತನೇ ನಿರ್ಣಯ' ತಂದಿತು. ಸಹಕಾರಿ ಗದ್ದೆಗಳನ್ನು ರೈತ ಕುಟುಂಬಗಳ ಕೈಗೆ ಕೊಟ್ಟಿತು. ನೀನು ಉಳು, ನೀನು ಬೆಳೆ, ಮಿಕ್ಕಿದ್ದನ್ನು ನೀನೇ ಮಾರು ಎಂದಿತು. 1989ರಲ್ಲಿ ಅದೇ ದೇಶ ಹದಿನಾಲ್ಕು ಲಕ್ಷ ಟನ್ ಹತ್ತಿರ ಅಕ್ಕಿಯನ್ನು ಹೊರಗೆ ಮಾರಿತು. 1994ರಲ್ಲಿ ಅಮೆರಿಕ ವಿಯೆಟ್ನಾಂ ಮೇಲಿನ ನಿರ್ಬಂಧ ತೆಗೆಯಿತು. ಕ್ಯೂಬಾಕ್ಕೆ ಆ ಭಾಗ್ಯ ಸಿಗಲಿಲ್ಲ, ಅದು ದೊಡ್ಡ ಅನ್ಯಾಯ, ನಾನು ಒಪ್ಪುತ್ತೇನೆ. ಆದರೆ ಸರಿಯಾಗಿ ನೋಡಿ. ವಿಯೆಟ್ನಾಂ ಅಕ್ಕಿ ಮಾರಲು ಶುರು ಮಾಡಿದ್ದು ನಿರ್ಬಂಧ ಹೋಗುವ ಐದು ವರ್ಷ ಮೊದಲು. ಗದ್ದೆಯನ್ನು ರೈತನಿಗೆ ಬಿಡಲು ವಾಷಿಂಗ್ಟನ್ನಿನ ಅಪ್ಪಣೆ ಬೇಕಿರಲಿಲ್ಲ. ಹವಾನಾಕ್ಕೂ ಬೇಕಿಲ್ಲ.

ಕ್ಯಾಸ್ಟ್ರೋ 1995ರಲ್ಲಿ, 2003ರಲ್ಲಿ ಮತ್ತೆ ವಿಯೆಟ್ನಾಂಗೆ ಹೋದರು. ತುಂಬಿದ ಮಾರುಕಟ್ಟೆಗಳ ದೇಶವನ್ನು ಕಣ್ಣಾರೆ ಕಂಡರು. ಊರಿಗೆ ಬಂದು ಮಾಡಿದ್ದು ತುಂಬಾ ಕಡಿಮೆ. ಅವರ ನಂತರದವರು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಲೇ ಬಂದರು. ಹನೋಯ್‌ನ ನಾಯಕರು ಅಕ್ಕಿ ಕೊಟ್ಟರು, ಅಪ್ಪಿಕೊಂಡರು, ಭಾಷಣ ಮಾಡಿದರು. ಗೆಳೆಯಾ, ಇದು ಹೀಗೆ ನಡೆಯುವುದಿಲ್ಲ ಎಂದು ಜನರ ಎದುರು ನೇರವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. 2021ರ ಜುಲೈ 11ಕ್ಕೆ ಕ್ಯೂಬಾದ ಜನ ಅನ್ನ ಬೇಕು, ಔಷಧಿ ಬೇಕು, ಸ್ವಾತಂತ್ರ್ಯ ಬೇಕು ಎಂದು ಬೀದಿಗೆ ಬಂದಾಗ ನೂರಾರು ಮಂದಿಯನ್ನು ಜೈಲಿಗೆ ಹಾಕಿದರು. ಆಗಲೂ ಗೆಳೆಯ ಸುಮ್ಮನಿದ್ದ. ತನ್ನ ಊರಿನಲ್ಲೇ ಬರೆಯುವವರನ್ನು ಜೈಲಿಗೆ ಹಾಕುವ ಗೆಳೆಯ ಏನು ಹೇಳಿಯಾನು? ನನಗೆ ನೋವಾಗುವುದು ಇಲ್ಲೇ. ಎರಡು ದೇಶದ ಜನರ ಪ್ರೀತಿ ಇಷ್ಟು ದೊಡ್ಡದು. ಅದರ ಹೆಸರಿನಲ್ಲಿ ಮಾತಾಡುವ ನಾಯಕರು ಆ ಜನರನ್ನು ಒಂದು ಮಾತು ಕೇಳುವುದಿಲ್ಲ.

ಅದಕ್ಕೇ ಈಗ ನನ್ನ ಕಣ್ಣು ಒಂದು ಗದ್ದೆಯ ಮೇಲಿದೆ. ಕ್ಯೂಬಾದ ಪಶ್ಚಿಮಕ್ಕೆ, ಪಿನಾರ್ ದೆಲ್ ರಿಯೋ ಪ್ರಾಂತ್ಯದಲ್ಲಿ ಲೋಸ್ ಪಲಾಸಿಯೋಸ್ ಎಂಬ ಊರಿದೆ. ಅಲ್ಲಿ ವಿಯೆಟ್ನಾಂನ ಒಂದು ಕಂಪನಿಗೆ ಭತ್ತ ಬೆಳೆಯಲು ಭೂಮಿ ಕೊಟ್ಟಿದ್ದಾರೆ, ಒಟ್ಟು ಸುಮಾರು 2,500 ಎಕರೆ. ಬೇರೆ ದೇಶದವರಿಗೆ ನೇರವಾಗಿ ಗದ್ದೆ ಮಾಡಲು ಬಿಟ್ಟಿದ್ದು ಕ್ರಾಂತಿಯ ನಂತರ ಇದೇ ಮೊದಲು. ಮೊದಲ ಕೊಯ್ಲಿನಲ್ಲಿ ಎಕರೆಗೆ 28 ಕ್ವಿಂಟಾಲ್ ಹತ್ತಿರ ಬಂತು. ಈಚಿನ ವರ್ಷಗಳಲ್ಲಿ ಕ್ಯೂಬಾದ ಗದ್ದೆಗಳಲ್ಲಿ ಎಕರೆಗೆ 8 ಕ್ವಿಂಟಾಲ್ ಬಂದರೆ ಹೆಚ್ಚು.

ಮಣ್ಣು ಅದೇ, ಮಳೆ ಅದೇ. ಬೀಜ, ಗೊಬ್ಬರ, ನೀರು ಹೊತ್ತಿಗೆ ಸರಿಯಾಗಿ ಸಿಕ್ಕಿತು, ಯಾವಾಗ ಏನು ಮಾಡಬೇಕು ಎಂದು ಗದ್ದೆಯಲ್ಲಿ ನಿಂತವರೇ ತೀರ್ಮಾನಿಸಿದರು. ಪಕ್ಕದ ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿರುವ ಕ್ಯೂಬಾದ ರೈತನಿಗೆ ಇದೇ ಮಾತನ್ನು ಹವಾನಾ ಯಾವತ್ತು ಹೇಳುತ್ತದೆ? ನೀನು ಉಳು, ನೀನು ಬೆಳೆ, ಮಿಕ್ಕಿದ್ದನ್ನು ನೀನೇ ಮಾರು ಎಂದು?