ಹೊರಬಾಗಿಲು ದಾಟುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಂಗಳೂರು, ಮಂಗಳೂರುಗಳಾಚೆಗೂ ನಮ್ಮ ರಾಜ್ಯದಲ್ಲಿ ವಿಮಾನಗಳು ಇಳಿಯತೊಡಗಿವೆ. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗ ಪ್ರಯಾಣಿಕ ವಿಮಾನಗಳನ್ನು ಕಂಡವು. ಇಂಥ ಸಣ್ಣ ನಿಲ್ದಾಣದಲ್ಲಿ ಇಳಿದ ಪ್ರವಾಸಿಗರು ಅಲ್ಲಿನ ಮಾಹಿತಿ ಕೌಂಟರನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಶಿವಮೊಗ್ಗವನ್ನೇ ಮುಂದಿಟ್ಟುಕೊಂಡು ಹೇಳಬಯಸುತ್ತೇನೆ. ಕೌಂಟರಿನಲ್ಲಿ ಪ್ರವಾಸೋದ್ಯಮ ಇಲಾಖೆಯವರು ಕುಳಿತಿರಲಿ, ನಿಲ್ದಾಣದ ಸಿಬ್ಬಂದಿಯೇ ಕುಳಿತಿರಲಿ, ಕೇಳುವ ಕ್ರಮ ಒಂದೇ.

ಮೊದಲನೆಯದು, ಕೇಳುವ ಹೊತ್ತು. ಇಂಥ ಊರುಗಳಿಗೆ ಹಾರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಎಪ್ಪತ್ತು ಎಂಬತ್ತು ಮಂದಿ ಇರುತ್ತಾರೆ. ಅವರೆಲ್ಲ ಒಟ್ಟಿಗೇ ಇಳಿದು, ಲಗೇಜು ಎತ್ತಿಕೊಂಡು, ಕರೆಯಲು ಬಂದವರ ಕಾರು ಹತ್ತಿ ಹೋದರೆಂದರೆ ನಿಲ್ದಾಣ ಬಿಕೋ ಎನ್ನುತ್ತದೆ. ಟ್ಯಾಕ್ಸಿಗಳೂ ಅವರ ಜೊತೆಗೇ ಹೊರಟುಬಿಡುತ್ತವೆ. ಆದ್ದರಿಂದ ಒಬ್ಬರು ಲಗೇಜು ಬರುವ ಬೆಲ್ಟಿನ ಬಳಿ ನಿಂತಿರಲಿ, ಇನ್ನೊಬ್ಬರು ಆಗಲೇ ಕೌಂಟರಿಗೆ ಹೋಗಲಿ. ಒಮ್ಮೆ ಹೊರಬಾಗಿಲು ದಾಟಿದಿರೋ, 'ಒಂದು ಮಾತು ಕೇಳುವುದು ಮರೆತೆ' ಎಂದು ಹಿಂದಿರುಗಿದರೆ ಭದ್ರತಾ ಸಿಬ್ಬಂದಿ ಒಳಗೆ ಬಿಡುವುದಿಲ್ಲ. ಅದು ಅವರ ಬಿಗುಮಾನವಲ್ಲ, ನಿಯಮ.

ಎರಡನೆಯದು, ಕೇಳುವ ರೀತಿ. 'ಇಲ್ಲಿ ನೋಡುವಂಥದ್ದು ಏನೇನಿದೆ?' ಎಂದು ಕೇಳಿದವರ ಕೈಗೆ ಒಂದು ಬಣ್ಣದ ಕರಪತ್ರ ಬರುತ್ತದೆ, ಅಷ್ಟೆ. ಅದರ ಬದಲು, 'ನಾಳೆ ಸಂಜೆಯವರೆಗೆ ಸಮಯವಿದೆ, ಜೊತೆಯಲ್ಲಿ ಮೊಣಕಾಲು ನೋವಿರುವ ತಾಯಿಯಿದ್ದಾರೆ, ಜೋಗವನ್ನೂ ಕುಪ್ಪಳಿಯನ್ನೂ ನೋಡಬೇಕೆಂದಿದ್ದೇವೆ, ಆಗುತ್ತದೆಯೇ?' ಎಂದು ಕೇಳಿ ನೋಡಿ. ಆಗ ಅಲ್ಲಿ ಕುಳಿತವರ ಊರಿನ ಅನುಭವವೇ ಮಾತಾಡತೊಡಗುತ್ತದೆ. ಜೋಗಕ್ಕೆ ಸಾಗರದ ದಾರಿ, ಕುಪ್ಪಳಿಗೆ ತೀರ್ಥಹಳ್ಳಿಯ ದಾರಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಕಾರಿನಲ್ಲಿ ಕುಳಿತದ್ದೇ ಬಂತು ಎಂದು ಅವರು ಹೇಳಿಯಾರು. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಆ ಬಿಡಾರ ತೀರ್ಥಹಳ್ಳಿಯ ದಾರಿಯಲ್ಲೇ ಇರುವುದರಿಂದ ಕುಪ್ಪಳಿಗೆ ಹೊರಟ ದಿನವೇ ಅದನ್ನು ಮುಗಿಸಬಹುದು. ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿರುವುದನ್ನು ಕಂಡು ಕವಿಯ ಮನೆ ಇಲ್ಲೇ ಹತ್ತಿರದಲ್ಲಿರಬೇಕೆಂದು ಹೊರರಾಜ್ಯದವರು ಭಾವಿಸಿದರೆ ಆಶ್ಚರ್ಯವಿಲ್ಲ. ಕುಪ್ಪಳಿಯಾದರೋ ತೀರ್ಥಹಳ್ಳಿಯನ್ನೂ ದಾಟಿ ಹೋಗಬೇಕಾದ ಊರು.

ಜೋಗದ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ದೂರದ್ದಲ್ಲ, ನೀರಿನದು. ಶರಾವತಿಗೆ ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಇರುವುದರಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರ್ ಧುಮುಕುವುದು ಒಳ್ಳೆಯ ಮಳೆ ಬಿದ್ದಾಗ ಮಾತ್ರ. ಬೇಸಿಗೆಯಲ್ಲಿ ಬಂಡೆಯ ಮೇಲೆ ನಾಲ್ಕಾರು ಎಳೆ ನೀರು ಕಂಡು ಬೇಸರಪಡುವ ಬದಲು ಆ ದಿನವನ್ನು ಹಳೆಯ ದೇಗುಲಗಳಿರುವ ಇಕ್ಕೇರಿಗೋ ಕೆಳದಿಗೋ ಕೊಡುವುದು ಲೇಸು. ಇನ್ನು ಮಳೆಗಾಲದಲ್ಲಿ ಆಗುಂಬೆ ಘಾಟಿಯ ಸ್ಥಿತಿ ಹೇಗಿದೆ, ಯಾವ ವಾಹನಗಳನ್ನು ಬಿಡುತ್ತಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕು. ಅದು ವರ್ಷವರ್ಷವೂ ಬದಲಾಗುವ ಸಂಗತಿ.

ಕರಪತ್ರಗಳ ಬಗ್ಗೆ ಒಂದು ಎಚ್ಚರಿಕೆ. ಸಿಗಂದೂರಿಗೆ ಶರಾವತಿ ಹಿನ್ನೀರಿನಲ್ಲಿ ಲಾಂಚಿನ ಮೇಲೆ ಹೋಗಬೇಕೆಂದು ಬರೆದಿರುವ ಕರಪತ್ರ ನಿಮ್ಮ ಕೈಗೆ ಬಂದರೆ ಅದು ಹಳೆಯದೆಂದು ತಿಳಿಯಿರಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾಯಿತು. ಲಾಂಚಿನ ವೇಳೆಗೆ ಕಾದು ಕೂರಬೇಕಿದ್ದ ದಾರಿಯಲ್ಲಿ ಈಗ ಕಾರು ನೇರವಾಗಿ ಸಾಗುತ್ತದೆ. ಲಾಂಚಿನ ಮೋಜು ತಪ್ಪಿತೆಂದು ಕೊರಗುವವರು ಇದ್ದಾರೆ. ಹೊಳೆಯಾಚೆಯ ಹಳ್ಳಿಗಳಿಂದ ರೋಗಿಗಳನ್ನು ಕರೆತರಬೇಕಾದವರನ್ನು ಕೇಳಿದರೆ ಬೇರೆಯೇ ಉತ್ತರ ಸಿಕ್ಕೀತು.

ಕೌಂಟರಿನವರಿಂದ ಆಗದ ಕೆಲಸವೂ ಇದೆ. ಲಗೇಜು ಬಾರದಿದ್ದರೆ ಅಥವಾ ಒಡೆದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಸಂಸ್ಥೆಯ ಸಿಬ್ಬಂದಿಗೆ ಲಿಖಿತ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಗಾಲಿಕುರ್ಚಿಯ ಬೇಡಿಕೆಯೂ ವಿಮಾನ ಸಂಸ್ಥೆಗೇ, ಅದೂ ಪ್ರಯಾಣಕ್ಕೆ 48 ಗಂಟೆ ಮುಂಚಿತವಾಗಿಯೇ ಹೋಗುವುದು ಒಳ್ಳೆಯದು. ಟ್ಯಾಕ್ಸಿಯ ವಿಷಯವನ್ನು ಮಾತ್ರ ಸಂಕೋಚವಿಲ್ಲದೆ ಕೌಂಟರಿನಲ್ಲಿ ಕೇಳಿ: ಪೇಟೆಯ ಬಸ್ ನಿಲ್ದಾಣಕ್ಕೆ ಎಷ್ಟು, ಇಡೀ ದಿನಕ್ಕೆ ಎಷ್ಟು, ಚಾಲಕರ ಬಾಟಾ, ಟೋಲು ಅದರಲ್ಲೇ ಸೇರಿದೆಯೇ, ಕಾಯುವ ಹೊತ್ತಿಗೆ ಬೇರೆ ದುಡ್ಡು ಇದೆಯೇ? ಈ ಲೆಕ್ಕ ಕಾರು ಹತ್ತುವ ಮೊದಲೇ ಚೀಟಿಯಲ್ಲಿ ಬರೆದಿರಲಿ.

ಹಿಂದಿರುಗುವ ದಿನದ ಪ್ರಶ್ನೆಯನ್ನೂ ಆಗಲೇ ಕೇಳಿಬಿಡಿ. ದೇಶದೊಳಗಿನ ವಿಮಾನಗಳ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಗಿಯುತ್ತದೆ; ಆ ಲೆಕ್ಕದಲ್ಲಿ ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಎಷ್ಟು ಹೊತ್ತಿಗೆ ಹೊರಡಬೇಕೆಂದು ತಿಳಿದುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಮೋಡ ಕವಿದು ವಿಮಾನ ರದ್ದಾಗುವುದೂ ಉಂಟು. ಹಾಗಾದಲ್ಲಿ ಬೆಂಗಳೂರಿಗೆ ಮುಂದಿನ ರೈಲು ಎಷ್ಟು ಹೊತ್ತಿಗೆ, ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು ಹೊರಡಿ. ನಮಸ್ಕಾರ.