ಕಮಾನಿನೊಳಗೆ ಮಾಮಾನ ತುರಾಯಿ

ಈ ವಿಡಿಯೋದಲ್ಲಿ ಮಾಳಿಗೆ ಮೇಲೆ ಅಂಗಾತ ಮಲಗಿದ್ದಾನಲ್ಲ, ಅವನು ನಮ್ಮ ಕಾಕಾನ ಮಗ. ತಲೆಗೆ ಪೇಟಾ ಸುತ್ತಿದ್ದೇವೆ. ಅಂಗಾಲಿಗೆ ಒಂದು ಮಣೆ ಒತ್ತಿ ಇಟ್ಟಿದ್ದೇವೆ. ಸುತ್ತ ಬಿಳಿ ಗೆರೆ. ಗಾಬರಿ ಆಗಬೇಡಿ, ಅವನಿಗೆ ಏನೂ ಆಗಿಲ್ಲ. ನಾವು ಅಕ್ಕನ ಲಗ್ನದ ಕಮಾನಿನ ಅಳತೆ ನೋಡುತ್ತಿದ್ದೇವೆ, ಅಷ್ಟೇ.

ಈ ಹುಚ್ಚಾಟಕ್ಕೂ ಇವನೇ ಕಾರಣ. ಹೋದ ವರ್ಷ ಕಲಬುರಗಿಯಲ್ಲೇ ಇವನ ಲಗ್ನ ಆಯ್ತು. ಡೆಕೋರೇಷನ್‌ನವರು ಮೊಬೈಲ್‌ನಲ್ಲಿ ಒಂದು ಗುಂಡು ಕಮಾನಿನ ಫೋಟೋ ತೋರಿಸಿ, "7 ಬೈ 7 ಅದ ರೀ, ಆರಾಮ್ ಆಗ್ತದ" ಅಂದಿದ್ದರು. ಇವನ ಎತ್ತರ 5 ಅಡಿ 9 ಇಂಚು. 7 ಅಡಿ ಸಾಕಾಯ್ತಲ್ವಾ ಅಂತ ನಾವೂ ತಲೆ ಆಡಿಸಿದೆವು. ಅಕ್ಕಿಕಾಳು ಬೀಳುವ ಹೊತ್ತಿಗೆ ಇವನ ಪೇಟಾದ ತುರಾಯಿ ಗುಲಾಬಿ ಸರಕ್ಕೆ ಸಿಕ್ಕಿಕೊಂಡಿತು. ವಿಡಿಯೋದಲ್ಲಿ ಈಗಲೂ ಕಾಣುತ್ತೆ. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಪೇಟಾ ಹಿಡಿದುಕೊಂಡು ಕತ್ತು ಬಗ್ಗಿಸಿ ನಿಂತಿದ್ದಾನೆ. ಅತ್ತಿಗೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ.

7 ಅಡಿ ಎಲ್ಲಿ ಹೋಯ್ತು? ಅದು ಗೊತ್ತಾಗಿದ್ದು ಈ ಮಾಳಿಗೆ ಮೇಲೆ.

ಗುಂಡು ಕಮಾನಿಗೆ ಹೇಳುವ ಎತ್ತರ ನಟ್ಟನಡುವೆ ಮಾತ್ರ ಇರುತ್ತೆ. ಅಲ್ಲಿ ಯಾರು ನಿಲ್ಲುತ್ತಾರೆ ಹೇಳಿ? ಮಂಗಲಾಷ್ಟಕದ ಹೊತ್ತಿಗೆ ನಡುವೆ ಇರೋದು ಅಂತರಪಟ. ಮದುಮಗ ಒಂದು ಕಡೆ, ಮದುಮಗಳು ಒಂದು ಕಡೆ, ಇಬ್ಬರೂ ನಡುವಿನಿಂದ ಸುಮಾರು 2 ಅಡಿ ದೂರ. ಅಷ್ಟರಲ್ಲಿ ಕಮಾನು ಇಳಿದಿರುತ್ತೆ. ಜೊತೆಗೆ ಫ್ರೇಮಿಗೆ ಹೂವು ಸುತ್ತುತ್ತಾರೆ, ಅದು ಒಳಗಡೆಗೇ 9 ಇಂಚು ಬರುತ್ತೆ. ಲೆಕ್ಕ ಹಾಕಿದರೆ ಆ 7 ಅಡಿ ಕಮಾನಿನಲ್ಲಿ ಇವನ ತಲೆ ಇದ್ದ ಜಾಗಕ್ಕೆ ಉಳಿದಿದ್ದು ಐದೂವರೆ ಅಡಿಗಿಂತ ಕಮ್ಮಿ. ಪಾಪ, ತುರಾಯಿ ಏನು ಮಾಡುತ್ತೆ?

ಈ ಸಲ ಹಾಗಾಗಬಾರದು ಅಂತ ಅಪ್ಪ ಹಟ ಹಿಡಿದರು. ಫೋಟೋ ನೋಡಿ ಆರಿಸೋದು ಬೇಡ, ಮನುಷ್ಯರನ್ನ ನಿಲ್ಲಿಸಿ ನೋಡೋಣ ಅಂದರು. ನಿಲ್ಲಿಸೋಕೆ ಕಮಾನು ಬೇಕಲ್ಲ? ಅದಕ್ಕೇ ಮಲಗಿಸಿದೆವು! ಸಂಜೆ ಆರರ ಮೇಲೆ, ಯಾಕಂದ್ರೆ ಮೇ ತಿಂಗಳಲ್ಲಿ ನಮ್ಮೂರ ಮಾಳಿಗೆ ಹಗಲು ಹೊತ್ತು ಹಂಚಿನ ಹಾಗೆ ಕಾದಿರುತ್ತೆ. ನೆಲಕ್ಕೆ ಶಹಾಬಾದಿ ಪರ್ಸಿ, ಅಂದ್ರೆ ಕಲ್ಲಿನ ಚಪ್ಪಡಿ ಇದೆ, ಒಂದೊಂದೂ 2 ಅಡಿಗೆ 2 ಅಡಿ. ಹೀಗಾಗಿ ಟೇಪು ಜಾಸ್ತಿ ಬೇಕಾಗಲಿಲ್ಲ. ಐದು ಪರ್ಸಿ ಎಣಿಸಿದರೆ 10 ಅಡಿ ಅಗಲ. ಕಾಲು ಎರಡೆರಡು ಪರ್ಸಿ, ಅಂದ್ರೆ 4 ಅಡಿ. ಅಲ್ಲಿಂದ ನಡುವಿಗೆ ಒಂದು ಮೊಳೆ ಇಟ್ಟು, 5 ಅಡಿ ದಾರ ಕಟ್ಟಿ, ಸೀಮೆಸುಣ್ಣದಲ್ಲಿ ಅರ್ಧ ಸುತ್ತು ಎಳೆದರು. ಒಟ್ಟು ಎತ್ತರ 9 ಅಡಿ. ಒಳಗೆ 9 ಇಂಚು ಬಿಟ್ಟು ಇನ್ನೊಂದು ಗೆರೆ, ಅದು ಹೂವಿನ ಗೆರೆ.

ಆಮೇಲೆ ಇವನನ್ನ ನಡುವಿನಿಂದ 2 ಅಡಿ ಸರಿಸಿ ಮಲಗಿಸಿದೆವು. ಮಾಮಾ, ಅಂದ್ರೆ ಅಕ್ಕನ ಮದುಮಗ, ಇವನಿಗಿಂತ 2 ಇಂಚು ಎತ್ತರ, 5 ಅಡಿ 11. ಮಣೆ 4 ಇಂಚು. ಪೇಟಾ, ತುರಾಯಿ ಸೇರಿ 8 ಇಂಚು. ಕೂಡಿದರೆ 6 ಅಡಿ 11 ಇಂಚು. ಹೂವಿನ ಗೆರೆ ಅಲ್ಲಿ 7 ಅಡಿ 9 ಇಂಚಿಗೆ ಬರುತ್ತಿತ್ತು. 10 ಇಂಚು ಖಾಲಿ. ಅಪ್ಪ ಆ ಖಾಲಿ ಜಾಗಕ್ಕೆ ಅಂಗೈ ಇಟ್ಟು ನೋಡಿ ತಲೆ ಆಡಿಸಿದರು.

ಇಷ್ಟರಲ್ಲಿ ಅವ್ವ ಮೇಲೆ ಬಂದರು. ಸೀಮೆಸುಣ್ಣದ ಗೆರೆ, ನಡುವೆ ಉದ್ದಕ್ಕೆ ಮಲಗಿದ ಹುಡುಗ. "ಲಗ್ನದ ಮನ್ಯಾಗ ಹಿಂಗ್ ಮಲಗಸ್ತಾರೇನ? ಏಳೋ ಮೊದಲ!" ಅಂತ ಬೈದ ಬೈಗುಳದ ಆಡಿಯೋ ತೆಗೆದುಹಾಕಿದ್ದೇನೆ. ಅವರ ಮಾತಿನಲ್ಲೂ ಅರ್ಥ ಇದೆ ಬಿಡಿ.

ಆ ಗೆರೆ ಇನ್ನೊಂದು ತಪ್ಪನ್ನೂ ತೋರಿಸಿತು. ಅಯ್ಯನವರನ್ನ ಕಮಾನಿನೊಳಗೇ ಪಕ್ಕಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದೆವು. ನಡುವಿನಿಂದ 4 ಅಡಿ ಸರಿದರೆ ಫ್ರೇಮೇ 7 ಅಡಿ, ಹೂವು ಬಂದ ಮೇಲೆ ಐದೂವರೆಯೂ ಇಲ್ಲ. ಅವರು ಈಗ ಕಮಾನಿನ ಮುಂದೆ ನಿಲ್ಲುತ್ತಾರೆ. ಹತ್ತು ಸಾವಿರ ಸಲ ಮಂತ್ರ ಹೇಳಿದವರ ತಲೆಗೆ ಚೆಂಡು ಹೂ ಬಡಿಯೋದು ಬೇಡ.

ಹಾಗಾದರೆ ಇನ್ನೂ ದೊಡ್ಡದು ಮಾಡಬಹುದಿತ್ತಲ್ಲ ಅಂತ ಕೇಳ್ತೀರಿ. ಅಕ್ಕನಿಗೂ 12 ಅಡಿ ಅಗಲದ ಆಸೆ ಇತ್ತು. ಅಷ್ಟು ಅಗಲಕ್ಕೆ ಎತ್ತರ 10 ಅಡಿ ಆಗುತ್ತೆ. ಹಾಲ್‌ನ ಸ್ಟೇಜಿನಿಂದ ಸೀಲಿಂಗಿಗೆ ಇರೋದೇ 11, ಅದರಲ್ಲೂ ಫ್ಯಾನು. ಮೇಲಾಗಿ ಇಬ್ಬರೇ ನಿಂತರೆ ಊರ ಅಗಸಿ ಬಾಗಿಲಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಾರೆ. ಹೂವಿನ ಖರ್ಚೂ ಇದೆ. ನಮ್ಮ ಕಮಾನಿನ ಉದ್ದ ಸುಮಾರು 24 ಅಡಿ, ಅದು 27 ಆಗುತ್ತಿತ್ತು. ಈ ಬಿಸಿಲಿಗೆ ಗುಲಾಬಿ ಬೇಗ ಬಾಡುತ್ತೆ, ಚೆಂಡು ಹೂ ತಡೆಯುತ್ತೆ. ಹಾಗಾಗಿ ಮುಖದ ಹತ್ತಿರ ಮಾತ್ರ ಗುಲಾಬಿ.

ಎತ್ತರ ಕಮ್ಮಿ ಆದರೆ ಶೋಭೆ ಇರಲ್ಲ ಅಂತ ಅಕ್ಕ ಮುನಿಸಿಕೊಂಡಾಗ ಅವಳನ್ನ ಕೋಟೆಯೊಳಗಿನ ಜಾಮಿ ಮಸೀದಿಗೆ ಕರೆದುಕೊಂಡು ಹೋದೆ. ಈಗ ನೋಡುತ್ತಿರೋದು ಅದೇ. 1367ರ ಕಟ್ಟಡ, ಬಹಮನಿ ಕಾಲದ್ದು. ಒಳಗೆ ಬಯಲು ಅಂಗಳವೇ ಇಲ್ಲ, ಪೂರಾ ಮೇಲ್ಛಾವಣಿ. ಪಕ್ಕದ ಮೊಗಸಾಲೆಯ ಕಮಾನು ನೋಡಿ: ಕಾಲು ಮೋಟು, ಬಾಯಿ ಅಗಲ. ಎತ್ತರದ ಆಸೆಯೇ ಇಲ್ಲ ಅದಕ್ಕೆ. ಅಕ್ಕ ಅದರ ಕೆಳಗೆ ನಿಂತು ಹದಿನಾರು ಫೋಟೋ ತೆಗೆಸಿಕೊಂಡಳು. 12 ಅಡಿಯ ಮಾತು ಆಮೇಲೆ ಬರಲಿಲ್ಲ.

ಫ್ರೇಮ್ ಒಂದೇ ತುಂಡಾಗಿ ವೆಲ್ಡ್ ಮಾಡಿದ್ದಾ, ಬಿಚ್ಚಿ ಜೋಡಿಸೋದಾ ಅಂತ ಮೊದಲೇ ಕೇಳಿ. ಹಾಲ್‌ನ ಬಾಗಿಲು 7 ಅಡಿ, 9 ಅಡಿ ಪೈಪು ಓರೆ ಮಾಡಿದರೂ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ. ಮನೆ ಮುಂದಿನ ಹಂದರಕ್ಕೂ ಒಂದು ಚಿಕ್ಕ ಕಮಾನು ಇಡುತ್ತಿದ್ದೇವೆ, ಅದರ ಕಾಲಿಗೆ ಮರಳಿನ ಚೀಲ. ಸಂಜೆ ಗಾಳಿ ಎದ್ದರೆ ಕೇಳೋರು ಯಾರು?

ಇಷ್ಟೆಲ್ಲ ಆಗಿ, ಅಡ್ವಾನ್ಸ್ ಕೊಟ್ಟು, ಅಳತೆಯ ಚೀಟಿಗೆ ಡೆಕೋರೇಷನ್ ಅಣ್ಣನ ಸಹಿ ಹಾಕಿಸಿಕೊಂಡು ಮನೆಗೆ ಬಂದರೆ ಸೇಡಂನಿಂದ ಬೀಗರ ಫೋನ್. ಸ್ಪೀಕರ್‌ನಲ್ಲಿತ್ತು, ನಿಮಗೂ ಕೇಳುತ್ತೆ.

"ಬೀಗರ, ಪೇಟಾ ಬದಲ್ ಮಾಡೀವ್ರಿ. ಹೊಸಾದು ಭಾಳ ಛಂದ ಅದ. ತುರಾಯಿ ಸ್ವಲ್ಪ ದೊಡ್ಡದದ, ಅಷ್ಟ ರೀ."

ಅಪ್ಪ ಏನೂ ಮಾತಾಡಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ಟೇಪ್ ಹುಡುಕೋಕೆ ಹೋದರು. ಕಾಕಾನ ಮಗ ಆಗಲೇ ಗೇಟು ದಾಟಿದ್ದ.