ಒಡನಾಡಿಯಾಗುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದು ಒಂದೆರಡು ವಾರ ಕಳೆಯುವಷ್ಟರಲ್ಲಿ, ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಜೊತೆಯಾಗಿ ಕೂತು ಮಾತನಾಡುತ್ತೇವೆ, ಓದಿಗೂ ಬದುಕಿಗೂ ಆಸರೆಯಾಗುತ್ತೇವೆ ಎಂದು ಮುಂದೆ ಬರುವ ಸ್ವಯಂಸೇವಕರನ್ನು ನಾನು ಕಲಬುರಗಿ ಜಿಲ್ಲೆಯಲ್ಲಿ ಹಲವು ವರ್ಷಗಳಿಂದ ಕಾಣುತ್ತಿದ್ದೇನೆ. ಅವರಲ್ಲಿ ಎನ್.ಎಸ್.ಎಸ್. ವಿದ್ಯಾರ್ಥಿಗಳಿರುತ್ತಾರೆ, ನಿವೃತ್ತ ಶಿಕ್ಷಕರಿರುತ್ತಾರೆ, ಭಾನುವಾರದ ಬಿಡುವನ್ನು ಇದಕ್ಕೆಂದೇ ತೆಗೆದಿಟ್ಟ ನೌಕರರೂ ಇರುತ್ತಾರೆ. ಅವರ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನ್ನ ಚಿಂತೆ ಅವರಿಗೆ ನಾವು ಕೊಡುವ ತರಬೇತಿಯ ಬಗ್ಗೆ. ಅರ್ಧ ದಿನದ ಸಭೆ, ಅತಿಥಿಗಳ ಭಾಷಣ, ಊಟ, ಒಂದು ಗುರುತಿನ ಚೀಟಿ. ಇಷ್ಟರಲ್ಲೇ ಮುಗಿಸಿ, ಇನ್ನೊಬ್ಬರ ಮಗುವಿನ ಮನಸ್ಸಿನ ಬಾಗಿಲಿಗೆ ಅವರನ್ನು ಕಳುಹಿಸಿಬಿಡುತ್ತೇವೆ.

ಮೊದಲ ತೊಡಕು ನಾವು ಬಳಸುವ ಪದದಲ್ಲಿಯೇ ಇದೆ. ‘ಮಾರ್ಗದರ್ಶಕ’ ಎಂದು ಕರೆಸಿಕೊಂಡವರಿಗೆ ತಾನು ದಾರಿ ತೋರಿಸಲೇಬೇಕು, ಬುದ್ಧಿ ಹೇಳಲೇಬೇಕು ಎಂಬ ಅವಸರ ಹುಟ್ಟುತ್ತದೆ. ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಎಂದೂ ಕೊರತೆಯಾಗಿಲ್ಲ, ಕೇಳಿಸಿಕೊಳ್ಳುವವರದೇ ಕೊರತೆ. ಆದ್ದರಿಂದ ನಾನು ತರಬೇತಿಯಲ್ಲಿ ‘ಒಡನಾಡಿ’ ಎಂಬ ಮಾತನ್ನೇ ಬಳಸುತ್ತೇನೆ.

ಚಿತ್ತಾಪುರದ ಕಡೆಯ ಒಂದು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಒಮ್ಮೆ ತರಬೇತಿ ನಡೆದಿತ್ತು. ಪಾತ್ರ ವಹಿಸಿ ಮಾತನಾಡುವ ಅಭ್ಯಾಸಕ್ಕಾಗಿ, ಎರಡು ವಾರದಿಂದ ಶಾಲೆಗೆ ಬಾರದ ಹುಡುಗನಾಗಿ ಬಿ.ಎ. ಓದುತ್ತಿದ್ದ ಒಬ್ಬ ಯುವತಿಯೂ, ಒಡನಾಡಿಯಾಗಿ ನಿವೃತ್ತ ಮೇಷ್ಟ್ರೊಬ್ಬರೂ ಎದುರುಬದುರು ಕೂತರು. ಮೇಷ್ಟ್ರು, ‘ಯಾಕ ಸಾಲಿಗಿ ಬಂದಿಲ್ಲ?’ ಎಂದು ಕೇಳಿದರು. ಆಕೆ ತಲೆ ತಗ್ಗಿಸಿ, ‘ಸುಮ್ನೆರಿ ಸರ’ ಎಂದಳು. ‘ಓದಲಿಲ್ಲಂದ್ರ ಮುಂದ ಏನ್ ಮಾಡ್ತಿ?’ ಎಂಬ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಆಮೇಲೆ ಮೇಷ್ಟ್ರು ತಾವು ಎಷ್ಟು ಮೈಲಿ ನಡೆದು ಓದಿದೆವೆಂಬುದನ್ನು ಪ್ರೀತಿಯಿಂದಲೇ ವಿವರಿಸಿದರು. ಐದು ನಿಮಿಷ ಮುಗಿದಾಗ ‘ಹುಡುಗ’ ಆಡಿದ್ದು ಆ ಒಂದೇ ಮಾತು.

ಎರಡನೆಯ ಸಲ, ‘ಯಾಕ’ ಎಂಬ ಪದವನ್ನು ಬಳಸಬಾರದು ಎಂಬ ಒಂದೇ ಕಟ್ಟಳೆ ಹಾಕಿದೆವು. ಮೇಷ್ಟ್ರು ಸ್ವಲ್ಪ ಯೋಚಿಸಿ, ‘ನಿನ್ನೆ ಮುಂಜಾನಿ ಎದ್ದಾಗಿಂದ ಏನೇನ್ ಮಾಡ್ದಿ, ಹೇಳು ತಮ್ಮಾ’ ಎಂದರು. ಕತ್ತಲಿರುವಾಗಲೇ ಎದ್ದು ನೀರು ತಂದದ್ದು, ಅವ್ವ ಹತ್ತಿ ಬಿಡಿಸಲು ಹೋದ ಮೇಲೆ ತಂಗಿಯನ್ನು ಎತ್ತಿಕೊಂಡು ಕೂತದ್ದು, ಶಾಲೆಯ ಗಂಟೆ ಮನೆಯವರೆಗೂ ಕೇಳಿಸಿದ್ದು, ಹೀಗೆ ಒಂದೊಂದಾಗಿ ಆಕೆ ಹೇಳತೊಡಗಿದಳು. ಅದು ಅವಳದೇ ಬಾಲ್ಯವಾಗಿತ್ತೆಂದು ನಮಗೆ ಆಮೇಲೆ ತಿಳಿಯಿತು. ಗಂಟೆಯ ಮಾತು ಬಂದಾಗ ಮೇಷ್ಟ್ರು ಏನೂ ಹೇಳದೆ ಕೆಲವು ಗಳಿಗೆ ಸುಮ್ಮನೆ ಕೂತಿದ್ದರು. ಆ ಮೌನವನ್ನೂ ನಾವು ತರಬೇತಿಯ ಪಾಠವೆಂದೇ ಎತ್ತಿ ಹೇಳಿದೆವು. ‘ಯಾಕೆ’ ಎಂಬ ಪ್ರಶ್ನೆ ಮಗುವಿನ ಕಿವಿಗೆ ಆರೋಪದಂತೆ ಕೇಳಿಸುತ್ತದೆ. ‘ಏನಾಯಿತು’ ಎಂದರೆ ಅದು ಕಥೆ ಹೇಳಲು ಕೊಟ್ಟ ಕರೆಯಾಗುತ್ತದೆ.

ಭಾಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಭಾಗದ ಮಕ್ಕಳು ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ, ತೆಲುಗು, ನಮ್ಮ ಕಡೆಯ ಕನ್ನಡ, ಇವುಗಳಲ್ಲಿ ಯಾವುದನ್ನಾದರೂ ಆಡುತ್ತಾರೆ. ಪುಸ್ತಕದ ಕನ್ನಡದಲ್ಲೇ ಮಾತಾಡು ಎಂದು ತಿದ್ದಲು ಹೋದ ಒಡನಾಡಿಯ ಮುಂದೆ ಮಗು ಮರುವಾರ ಬಾಯಿ ತೆರೆಯುವುದಿಲ್ಲ. ತಾಂಡಾಕ್ಕೆ ಹೋಗುವವರು ಲಂಬಾಣಿಯ ಹತ್ತು ಮಾತು ಕಲಿತು ಹೋದರೆ ಅಷ್ಟರಮಟ್ಟಿಗೆ ಮರ್ಯಾದೆ ತೋರಿದಂತೆ.

ಬಹುತೇಕ ತರಬೇತಿಗಳು ಮರೆತೇಬಿಡುವ ಸಂಗತಿ ನಮ್ಮ ನೆಲದ ಪಂಚಾಂಗ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಕಾಲ, ಕಲಬುರಗಿಯ ಹೊಲಗಳಲ್ಲಿ ಡಿಸೆಂಬರ್ ಹೊತ್ತಿಗೆ ಬರುವ ತೊಗರಿಯ ಸುಗ್ಗಿ, ಅದಾದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೊರಡುವ ಗುಳೆ, ಇವೆಲ್ಲವೂ ಮಗುವಿನ ಹಾಜರಿಯನ್ನು ಮಗುವಿಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಇದನ್ನರಿಯದ ಸ್ವಯಂಸೇವಕರು ಮೂರು ವಾರ ಹುಡುಗ ಕಾಣದಿದ್ದರೆ ಆಸಕ್ತಿಯಿಲ್ಲದವನೆಂದು ಬರೆದುಕೊಂಡು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ. ಆದರೆ ಆ ಹುಡುಗ ಯಾವುದೋ ಕಟ್ಟಡದ ಬುಡದ ತಗಡಿನ ಜೋಪಡಿಯಲ್ಲಿ ತಮ್ಮನನ್ನು ಕಾಯುತ್ತಿರಬಹುದು. ಗುಳೆ ಹೋಗುವ ಮನೆಯವರ ಫೋನ್ ನಂಬರನ್ನು ದೀಪಾವಳಿಗೆ ಮೊದಲೇ ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ಮೊದಲಿನ ಭೇಟಿಯ ಹೊತ್ತಿಗೇ ಅಪ್ಪನ ಫೋನಿಗೆ ಕರೆ ಮಾಡಿ, ಎಲ್ಲರೂ ಕೇಳುವಂತೆಯೇ ಹತ್ತು ನಿಮಿಷ ಮಾತನಾಡಿದರೂ ನಂಟು ಉಳಿಯುತ್ತದೆ.

ಈ ನಂಟು ಎಷ್ಟು ದಿನದ್ದಾಗಿರಬೇಕು ಎಂಬುದಕ್ಕೆ ಅಧ್ಯಯನದ ಆಧಾರವಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಒಡನಾಡಿ ಜೊತೆಗಿದ್ದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಪ್ರಯೋಜನವಾದುದು ಕಂಡುಬಂದಿತು. ಮೂರು ತಿಂಗಳೊಳಗೆ ಕೈಬಿಡಲಾದ ಮಕ್ಕಳಲ್ಲಿ ತಮ್ಮ ಬಗೆಗಿನ ಗೌರವವೇ ಕುಗ್ಗಿತ್ತು. ಅಂದರೆ ಅರ್ಧಕ್ಕೆ ಬಿಟ್ಟ ಒಡನಾಟ ಏನೂ ಮಾಡದೆ ಉಳಿಯುವುದಕ್ಕೆ ಸಮವಲ್ಲ, ಅದು ನೋವು ಮಾಡುತ್ತದೆ. ಇದನ್ನು ಓದಿದ ಮೇಲೆ ನಾನು ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ರೀತಿಯನ್ನೇ ಬದಲಿಸಿದೆ. ಮುಂದಿನ ಜೂನ್‌ವರೆಗೆ ಇದೇ ಊರಿನ ಸುತ್ತ ಇರುತ್ತೀರಾ ಎಂದು ಈಗ ಮೊದಲು ಕೇಳುತ್ತೇನೆ. ಕೊನೆಯ ವರ್ಷದಲ್ಲಿ ಓದುತ್ತಿರುವವರು, ಮದುವೆಯ ಮಾತುಕತೆ ನಡೆದಿರುವವರು ನೇರವಾಗಿ ಹೇಳಿದರೆ ಅವರಿಗೆ ಗ್ರಂಥಾಲಯದ ಕೆಲಸವನ್ನೋ ಗುಂಪಿನ ಚಟುವಟಿಕೆಯನ್ನೋ ಒಪ್ಪಿಸುತ್ತೇವೆ. ಒಂದೇ ಮಗುವಿನ ಜೊತೆ ಜೋಡಿಸುವುದಿಲ್ಲ. ಹೆಣ್ಣುಮಕ್ಕಳ ಒಡನಾಡಿಗಳಾಗಿ ಬರುವ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಸಿಕ್ಕಿರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲವಾಗಿದೆ ಎಂದು ಇಲ್ಲಿ ನೆನೆಯಬೇಕು.

ಇನ್ನು ಮಕ್ಕಳ ಸುರಕ್ಷತೆ. ಈ ಭಾಗವನ್ನು ಯಾವ ತರಬೇತಿಯಲ್ಲೂ ಮೊಟಕುಗೊಳಿಸಬಾರದು. ಭೇಟಿ ನಡೆಯುವುದು ಗ್ರಂಥಾಲಯ, ಶಾಲೆಯ ಅಂಗಳ, ಗುಡಿಯ ಕಟ್ಟೆ ಮುಂತಾದ ನಾಲ್ಕು ಜನ ಓಡಾಡುವ ಜಾಗದಲ್ಲಿ. ಮುಚ್ಚಿದ ಕೋಣೆಯಲ್ಲಿ ಅಲ್ಲ, ಬೈಕಿನ ಮೇಲೆ ಕರೆದೊಯ್ದೂ ಅಲ್ಲ. ರಾತ್ರಿಯ ಸಂದೇಶಗಳಿಲ್ಲ, ಉಡುಗೊರೆಯಿಲ್ಲ, ಮಗುವಿನ ಫೋಟೋ ತೆಗೆದು ಹಂಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಯಾರಿಗೂ ಹೇಳಲ್ಲ, ಆಣೆ’ ಎಂಬ ಮಾತನ್ನು ಒಡನಾಡಿ ಎಂದೂ ಕೊಡಬಾರದು. 2012ರ ಪೋಕ್ಸೊ ಕಾಯ್ದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಯಾರೇ ಆಗಿರಲಿ, ಪೊಲೀಸರಿಗೆ ಅದನ್ನು ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಆದ್ದರಿಂದ ಮೊದಲ ಭೇಟಿಯಲ್ಲೇ, ‘ನೀ ಹೇಳಿದ್ದು ನನ್ನ ಹತ್ರನೇ ಇರ್ತದ, ಆದ್ರ ನಿನಗ ಯಾರಿಂದಾದ್ರೂ ತ್ರಾಸ ಅದ ಅಂದ್ರ ಮಾತ್ರ ನಾ ಸಹಾಯ ಮಾಡೋರಿಗೆ ಹೇಳಬೇಕಾಗ್ತದ’ ಎಂದು ಸ್ಪಷ್ಟಪಡಿಸಬೇಕು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಗೊತ್ತಾಗಿದೆಯೆಂದು ತಿಳಿದರೆ ಮನೆಯವರೊಡನೆ ಒಬ್ಬರೇ ವಾದಕ್ಕೆ ನಿಲ್ಲದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದನ್ನು ಕಲಿಸಬೇಕು. ಮನಸ್ಸು ಕುಸಿದ ಮಗುವಿಗೆ, ಹಾಗೆಯೇ ಬಳಲಿದ ಒಡನಾಡಿಗೂ, ಟೆಲಿ ಮನಸ್ ಸಹಾಯವಾಣಿ 14416 ಇದೆ.

ಒಡನಾಡಿಗೂ ಒಬ್ಬ ಒಡನಾಡಿ ಬೇಕು. ಒಂದು ದಿನದ ತರಬೇತಿ ಎಷ್ಟೇ ಚೆನ್ನಾಗಿದ್ದರೂ ಮಗುವಿನ ಕಷ್ಟವನ್ನು ಮೊದಲ ಸಲ ಕಣ್ಣಾರೆ ಕಂಡ ರಾತ್ರಿ ಅದು ಸಾಲುವುದಿಲ್ಲ. ನಮ್ಮಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ ಎಲ್ಲರೂ ಸೇರುತ್ತೇವೆ. ಮಗುವಿನ ಹೆಸರು ಹೇಳದೆ, ತಮಗೆ ಏನು ಹೇಳಲು ತಿಳಿಯಲಿಲ್ಲ ಎಂಬುದನ್ನು ಒಬ್ಬೊಬ್ಬರೂ ಹೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ನಿಜವಾದ ತರಬೇತಿ ನಡೆಯುವುದು ಅಲ್ಲಿಯೇ.

ಕೊನೆಯ ಭೇಟಿಯನ್ನೂ ಹೇಳಿಕೊಡಬೇಕು. ಒಡನಾಟ ಮುಗಿಯುವ ದಿನವನ್ನು ಮಗುವಿಗೆ ಆರು ವಾರ ಮೊದಲೇ ಕ್ಯಾಲೆಂಡರಿನಲ್ಲಿ ತೋರಿಸಬೇಕು. ವರ್ಷದುದ್ದಕ್ಕೂ ಬರೆದ ವಹಿಯನ್ನು ಮಗುವಿಗೇ ಒಪ್ಪಿಸಬೇಕು. ಮುಂದೆ ಯಾರು ಬರುತ್ತಾರೆಂಬುದು ಗೊತ್ತಿದ್ದರೆ ಆ ಹೊಸಬರನ್ನು ಅದೇ ಕಟ್ಟೆಯ ಮೇಲೆ ಕೂರಿಸಿ ಪರಿಚಯ ಮಾಡಿಸಬೇಕು; ಗೊತ್ತಿಲ್ಲದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ‘ಮತ್ತ ಬರ್ತೀನಿ’ ಎಂಬ ಮಾತನ್ನು, ಬರುವುದು ಖಚಿತವಿದ್ದವರು ಮಾತ್ರ ಆಡಲಿ. ಏಕೆಂದರೆ ಮಕ್ಕಳು ಆ ದಿನವನ್ನು ಎಣಿಸುತ್ತಾರೆ.

ನಮಸ್ಕಾರ.